ಹೊಂಡದ ದಡದಲ್ಲಿ ಗಾಳ ಹಿಡಿದವರು

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಊರಿಗೆ, ಕೋಲಾರದ ಕಡೆಗೆ, ನಾವು ಮೂವರು ಹೋಗಿದ್ದೆವು. ಹೋಗಿದ್ದು ಟೊಮೆಟೊ ಬೆಲೆ ಬಿದ್ದದ್ದರ ಬಗ್ಗೆ ಬರೆಯಲು. ಗೆಳೆಯನ ಸೋದರಮಾವ ತೋಟದಲ್ಲಿದ್ದಾರೆಂದು ಮನೆಯವರು ಹೇಳಿದರು. ತೋಟದ ಮೂಲೆಯಲ್ಲಿ ಕೃಷಿ ಹೊಂಡ, ಹೊಂಡಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತ ಮಾವ. ಕೈಯಲ್ಲಿ ಬಿದಿರ ಕೋಲು, ನೀರಿನ ಮೇಲೆ ತೇಲುವ ಬೆಂಡು.

"ಏನ್ ಮಾವ, ಮೀನು ಸಾಕಣೆ ಶುರು ಮಾಡಿದ್ರಾ?" ಎಂದು ಗೆಳೆಯ ಕೇಳಿದ.

"ಸಾಕಣೆ ಎಲ್ಲಿಂದ ಬಂತಪ್ಪಾ, ಸುಮ್ನೆ. ಒಂದಷ್ಟು ಕಾಟ್ಲಾ ಮರಿ ತಂದು ಬಿಟ್ಟಿದ್ದೆ. ಸಾಯಂಕಾಲ ಹಿಂಗೆ ಕೂತ್ಕೊಂಡ್ರೆ ಅರ್ಧ ಗಂಟೆ ಮಂಡಿ ರೇಟು, ಸೊಸೈಟಿ ಸಾಲ ಯಾವುದೂ ತಲೆಗೆ ಬರಲ್ಲ."

ಟೊಮೆಟೊ ಲೇಖನ ಬರೆದು ಮುಗಿಸಿದೆವು. ಆದರೆ ಮಾವನ ಆ 'ಸುಮ್ನೆ' ನಮ್ಮ ಜೊತೆಗೇ ಬಂತು. ಕೃಷಿ ಹೊಂಡದ ಬಗ್ಗೆ ನಾವು ಓದಿದ ಕಡತಗಳಲ್ಲಿ, ಕರಪತ್ರಗಳಲ್ಲಿ ನೀರಾವರಿ ಇದೆ, ಅಂತರ್ಜಲ ಇದೆ, ಉಪಕಸುಬಾಗಿ ಮೀನು ಸಾಕಣೆಯೂ ಇದೆ. ಹೊಲದ ಒಡೆಯ ತನ್ನದೇ ಹೊಂಡದ ದಡದಲ್ಲಿ ಸುಮ್ಮನೆ ಗಾಳ ಹಾಕಿ ಕೂರಬಹುದು ಎಂಬುದಕ್ಕೆ ಕಲಮು ಇಲ್ಲ. ಯಾವುದಾದರೂ ದೇಶದಲ್ಲಿ ರೈತನ ಹೊಂಡಕ್ಕೆ ಸರ್ಕಾರ ದುಡ್ಡು ಕೊಟ್ಟು, ಜೊತೆಗೆ ಈ ಸುಮ್ಮನೆ ಕೂರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಉಂಟೇ ಎಂದು ಹುಡುಕಿದೆವು. ಉಂಟು. ಅಮೆರಿಕದ ದಕ್ಷಿಣದ ಅಲಬಾಮ ರಾಜ್ಯದಲ್ಲಿ ಅದು ಒಂದು ವಿಜ್ಞಾನವೇ ಆಗಿ ಬೆಳೆಯಿತು.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು. ಗಾಳದ ಮೋಜು ಅಮೆರಿಕದವರು ಕಂಡುಹಿಡಿದದ್ದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಯಾವ ಆಹಾರ ಇಷ್ಟ, ಗಾಳ ಹಾಕುವುದು ಹೇಗೆ ಎಂಬ ವಿವರಗಳೆಲ್ಲ ಅಲ್ಲಿವೆ. ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಅದರ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಬ್ರಿಟಿಷರ ಕಾಲಕ್ಕೆ ಬಂದರೆ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಅಚ್ಚು ಹಾಕಿಸಿದ. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆಯೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದನ್ನು ಬರೆದ. ದೊರೆಯ ವಿನೋದ, ದೊರೆಯ ವಿನೋದ ಮುಗಿದ ಮೇಲೆ ಕಲೆಕ್ಟರನ ವಿನೋದ. ಊರ ಹುಡುಗರು ಆಗಲೂ ಎರೆಹುಳು ಅಗೆದು ಕೆರೆ ಕೋಡಿಯಲ್ಲಿ ಕೂರುತ್ತಿದ್ದಿರಬೇಕು, ಆದರೆ ಅವರ ಬಗ್ಗೆ ಯಾರೂ ಪುಸ್ತಕ ಬರೆಯಲಿಲ್ಲ.

ಅಮೆರಿಕದ ಹಳ್ಳಿಗಾಡಿನಲ್ಲೂ ಮೊದಲಿಗೆ ರೈತನ ಸ್ವಂತ ಹೊಂಡ ಎಂಬುದು ಅಪರೂಪ. ಹಿಟ್ಟಿನ ಗಿರಣಿಯ ಚಕ್ರ ತಿರುಗಿಸಲು ಹಳ್ಳಕ್ಕೆ ಅಡ್ಡ ಕಟ್ಟಿದ ಗಿರಣಿ ಹೊಂಡಗಳಿದ್ದವು, ಊರವರು ಅಲ್ಲೇ ಮೀನು ಹಿಡಿಯುತ್ತಿದ್ದರು. ಹೊಲದ ಹೊಂಡಕ್ಕೆ ಮೀನು ಬಿಡುವ ಹುಚ್ಚು ಒಮ್ಮೆ ಬಂದು ಹೋದದ್ದು 1880ರ ದಶಕದಲ್ಲಿ. 1871ರಲ್ಲಿ ಅಲ್ಲಿ ಕೇಂದ್ರ ಸರ್ಕಾರ ಮೀನು ಆಯೋಗವೊಂದನ್ನು ಸ್ಥಾಪಿಸಿತ್ತು. ಆ ಆಯೋಗ 1877ರಲ್ಲಿ ಜರ್ಮನಿಯಿಂದ 345 ಗೆಂಡೆ ಮೀನುಗಳನ್ನು ತರಿಸಿ, ಮೊದಲು ಬಾಲ್ಟಿಮೋರಿನ ಒಂದು ಉದ್ಯಾನದ ಹೊಂಡಗಳಲ್ಲಿ, ಬಳಿಕ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸಾಕಿ, ಮರಿಗಳನ್ನು ಡಬ್ಬಿಗಳಲ್ಲಿ ತುಂಬಿ ರೈಲಿನಲ್ಲಿ ದೇಶದ ಮೂಲೆಮೂಲೆಗೆ ಕಳಿಸಿತು. ಮರಿ ಬೇಕಾದ ರೈತ ತನ್ನ ಸಂಸದನಿಗೆ ಅರ್ಜಿ ಬರೆಯಬೇಕು, ಸಂಸದ ಶಿಫಾರಸು ಮಾಡಬೇಕು. ಮತದಾರರಿಗೆ ಹಂಚಲು ಗೆಂಡೆ ಮರಿ! ನಮ್ಮಲ್ಲಿ ಹೊಲಿಗೆ ಯಂತ್ರ, ಕುಕ್ಕರ್ ಹಂಚುವ ಸುದ್ದಿ ಬರೆದು ರೂಢಿಯಾದ ನಮಗೆ ಇದನ್ನು ಓದಿ ನಗು ತಡೆಯಲಾಗಲಿಲ್ಲ.

ಆ ಹುಚ್ಚು ಬಹಳ ದಿನ ಬಾಳಲಿಲ್ಲ. ಗೆಂಡೆ ತಳದ ಕೆಸರು ಕೆದಕಿ ನೀರು ಕದಡಿತು. ಅಮೆರಿಕದವರ ನಾಲಿಗೆಗೆ ಅದರ ರುಚಿ ಹತ್ತಲಿಲ್ಲ. ಮಳೆಗಾಲಕ್ಕೆ ಏರಿಗಳು ಒಡೆದು ಮೀನು ಹೊಳೆ ಸೇರಿತು, ಇವತ್ತಿಗೂ ಹೊಳೆಗಳಲ್ಲಿ ತುಂಬಿಕೊಂಡಿದೆ. ಸರ್ಕಾರವೇ ಬೇಡಿ ತಂದ ಮೀನನ್ನು ಮುಂದೆ ಅಲ್ಲಿನ ಜನರೇ ಪೀಡೆ ಎಂದು ಕರೆದರು.

ಹೊಂಡಗಳು ನಿಜವಾಗಿ ಬಂದದ್ದು ಮಣ್ಣಿನ ಕಾರಣಕ್ಕೆ, ಮೀನಿನ ಕಾರಣಕ್ಕಲ್ಲ. ಅಲಬಾಮ, ಜಾರ್ಜಿಯ ಭಾಗದ ಕೆಂಪು ಮಣ್ಣಿನ ಇಳಿಜಾರುಗಳಲ್ಲಿ ತಲೆಮಾರುಗಟ್ಟಲೆ ಹತ್ತಿ ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಪ್ರತಿ ಮಳೆಗೂ ಮೇಲ್ಮಣ್ಣು ಕೊಚ್ಚಿಹೋಗಿ, ಹೊಲದ ನಡುವೆ ಆಳೆತ್ತರದ ಕೊರಕಲುಗಳಾದವು. ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣು ತಜ್ಞ 1928ರಲ್ಲೇ, ಮಣ್ಣಿನ ಸವಕಳಿ ರಾಷ್ಟ್ರಕ್ಕೆ ಬಂದ ಗಂಡಾಂತರ ಎಂದು ಕೃಷಿ ಇಲಾಖೆಯ ಪ್ರಕಟಣೆಯಲ್ಲಿ ಬರೆದಿದ್ದ. ಯಾರೂ ಕಿವಿಗೊಡಲಿಲ್ಲ. 1930ರ ದಶಕದಲ್ಲಿ ಪಶ್ಚಿಮದ ಬಯಲುಗಳಿಂದ ಎದ್ದ ಧೂಳು ರಾಜಧಾನಿಯ ಆಕಾಶವನ್ನೇ ಮಬ್ಬಾಗಿಸಿದಾಗ ಸಂಸತ್ತಿಗೆ ಎಚ್ಚರವಾಯಿತು. 1935ರಲ್ಲಿ ಮಣ್ಣು ಸಂರಕ್ಷಣಾ ಸೇವೆ ಎಂಬ ಇಲಾಖೆ ಹುಟ್ಟಿತು, ಬೆನೆಟ್ಟೇ ಅದರ ಮುಖ್ಯಸ್ಥನಾದ. ಬದು ಹಾಕಿ, ಹುಲ್ಲು ಬೆಳೆಸಿ, ಕೊರಕಲಿನ ಬಾಯಿಗೆ ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸಿ ಎಂದು ಇಲಾಖೆಯವರು ಹೊಲಹೊಲ ತಿರುಗಿದರು. ಖರ್ಚಿನ ಒಂದು ಪಾಲನ್ನು ಸರ್ಕಾರ ಕೊಡುವ ಏರ್ಪಾಡೂ ಆಯಿತು. ಮೊದಮೊದಲು ಹೇಸರಗತ್ತೆಗೆ ಕಟ್ಟಿದ ಕಬ್ಬಿಣದ ಮಣ್ಣುಗೋರು, ಎರಡನೇ ಮಹಾಯುದ್ಧ ಮುಗಿದ ಮೇಲೆ ಬುಲ್ಡೋಜರ್. 1980ರ ಹೊತ್ತಿಗೆ ಆ ದೇಶದಲ್ಲಿ ಇಂಥ ಹೊಂಡಗಳು 20 ಲಕ್ಷ ದಾಟಿದ್ದವು.

ನೀರು ನಿಂತಿತು, ದನ ಕುಡಿಯಿತು. ನಿಂತ ನೀರು ಕಂಡರೆ ಮನುಷ್ಯನಿಗೆ ಗಾಳ ಹಾಕಬೇಕೆನಿಸುತ್ತದೆ. ರೈತರು ಹೊಳೆಯಿಂದ ಹಿಡಿದು ತಂದ ಏನೇನೋ ಮೀನು ಬಿಟ್ಟರು. ಮೊದಲ ವರ್ಷ ಒಳ್ಳೆಯ ಮೀನು ಸಿಕ್ಕಿತು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಗಾಳಕ್ಕೆ ಬರುವುದೆಲ್ಲ ಬೆರಳುದ್ದದ ಪುಡಿ ಮೀನು. ನೀರಿನ ತುಂಬ ಮೀನು, ಹಂಚಿಗೆ ಹಾಕಲು ಒಂದೂ ಇಲ್ಲ.

ಇದು ಹೀಗೇಕೆ ಎಂದು ತಲೆ ಕೆಡಿಸಿಕೊಂಡವನು ಹೋಮರ್ ಸ್ಕಾಟ್ ಸ್ವಿಂಗಲ್. 1902ರಲ್ಲಿ ಹುಟ್ಟಿದ ಈತ ಓದಿದ್ದು ಮೀನಿನ ಬಗ್ಗೆ ಅಲ್ಲ, ಕೀಟಗಳ ಬಗ್ಗೆ. 1929ರಲ್ಲಿ ಅಲಬಾಮದ ಆಬರ್ನ್ ಎಂಬ ಊರಿನ ಕೃಷಿ ಕಾಲೇಜಿಗೆ (ಇಂದಿನ ಆಬರ್ನ್ ವಿಶ್ವವಿದ್ಯಾಲಯ) ಕೀಟತಜ್ಞನಾಗಿ ಬಂದ. ಗಾಳದ ಹುಚ್ಚಿದ್ದವನು. ಜೊತೆಗೆ ಸಿಕ್ಕವನು ಸ್ಮಿತ್ ಎಂಬ ಸಸ್ಯಶಾಸ್ತ್ರಜ್ಞ. ಒಬ್ಬನಿಗೆ ಹುಳ ಗೊತ್ತು, ಇನ್ನೊಬ್ಬನಿಗೆ ಪಾಚಿ ಗೊತ್ತು. ಮೀನಿನ ಊಟ ಎಂದರೆ ಈ ಎರಡೇ ತಾನೆ? ಕಾಲೇಜಿನ ಜಮೀನಿನಲ್ಲಿ ಹೊಂಡಗಳನ್ನು ಕಟ್ಟಿ, ಎಣಿಸಿ ಮೀನು ಬಿಟ್ಟು, ನಿಗದಿಯಾದ ದಿನಗಳ ನಂತರ ನೀರನ್ನು ಪೂರ್ತಿ ಹೊರಬಿಟ್ಟು, ಕೆಸರಿನಲ್ಲಿ ಉಳಿದ ಒಂದೊಂದು ಮೀನನ್ನೂ ಹೆಕ್ಕಿ ತೂಗಿದರು. ಹೊಳೆಯಲ್ಲಿ, ಸರೋವರದಲ್ಲಿ ಈ ಲೆಕ್ಕ ಸಾಧ್ಯವಿಲ್ಲ, ಅಲ್ಲಿ ಎಷ್ಟು ಮೀನಿದೆ ಎಂಬುದು ಯಾವತ್ತೂ ಅಂದಾಜೇ. ಹೊಂಡದ ತೂಬು ಎತ್ತಿದರೆ ಮಾತ್ರ ಪೂರ್ತಿ ಲೆಕ್ಕ ಕೈಗೆ ಸಿಗುತ್ತದೆ. ಚಿಕ್ಕದಾಗಿರುವುದೇ ಹೊಂಡದ ದೊಡ್ಡ ಅನುಕೂಲವಾಯಿತು.

ಮೊದಲು ತಿಳಿದದ್ದು ಗೊಬ್ಬರದ ವಿಷಯ. ಹತ್ತಿಗೆ ಹಾಕುವ ರಾಸಾಯನಿಕ ಗೊಬ್ಬರವನ್ನೇ ನೀರಿಗೆ ಹಾಕಿದರೆ ಸೂಕ್ಷ್ಮ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ಪಾಚಿಯನ್ನು ಸಣ್ಣ ಹುಳುಗಳು, ಹುಳುಗಳನ್ನು ಮೀನು ತಿಂದು, ಅದೇ ಹೊಂಡದಲ್ಲಿ ಮೂರು ನಾಲ್ಕು ಪಟ್ಟು ಮೀನು ತೂಗುತ್ತದೆ. ಎಷ್ಟು ಹಾಕಬೇಕು? ಇದಕ್ಕೆ ರೈತನಿಗೆ ಯಂತ್ರ ಬೇಕಿಲ್ಲ. ತೋಳನ್ನು ನೀರಿಗಿಳಿಸಿ, ಒಂದೂವರೆ ಅಡಿ ಆಳದಲ್ಲಿ ನಿಮ್ಮ ಅಂಗೈ ಕಾಣುತ್ತಿದ್ದರೆ ಇನ್ನಷ್ಟು ಗೊಬ್ಬರ ಬೇಕು, ಕಾಣದಿದ್ದರೆ ಸಾಕು. ಇಂಥ ಅಳತೆ ಹೇಳಿಕೊಡುವ ವಿಜ್ಞಾನಿಯನ್ನು ಕಂಡರೆ ನಮಗೆ ಗೌರವ.

ಎರಡನೆಯದು ಮೀನಿನ ಜೋಡಿ. ಹಲವು ಜಾತಿಗಳನ್ನು ಹಾಕಿ ತೆಗೆದು ಕೊನೆಗೆ ಅವರು ನಿಂತದ್ದು ಎರಡರ ಮೇಲೆ. ಹುಳು ತಿನ್ನುವ, ಅಂಗೈಯಗಲದ ಬ್ಲೂಗಿಲ್. ಬ್ಲೂಗಿಲ್ಲನ್ನು ತಿನ್ನುವ, ದೊಡ್ಡ ಬಾಯಿಯ ಬ್ಯಾಸ್. ಗೊಬ್ಬರ ಹಾಕಿದ ಹೊಂಡಕ್ಕೆ ಎಕರೆಗೆ ಸಾವಿರದಿಂದ ಸಾವಿರದ ಐನೂರು ಬ್ಲೂಗಿಲ್ ಮರಿ, ನೂರು ಬ್ಯಾಸ್ ಮರಿ. 1942ರಲ್ಲಿ ಸ್ವಿಂಗಲ್ ಮತ್ತು ಸ್ಮಿತ್ ಹೊಲದ ಮೀನು ಹೊಂಡಗಳ ನಿರ್ವಹಣೆ ಕುರಿತ ಕೈಪಿಡಿಯಂಥ ಬುಲೆಟಿನ್ ಒಂದನ್ನು ಹೊರತಂದರು. ಸರ್ಕಾರಿ ಮರಿ ಕೇಂದ್ರಗಳು ಈ ಜೋಡಿಯನ್ನೇ ರೈತರಿಗೆ ಉಚಿತವಾಗಿ ಕೊಟ್ಟವು. ದೇಶದ ಹೊಂಡಗಳಲ್ಲೆಲ್ಲ ಇವೇ ಎರಡು ಮೀನು ಹಬ್ಬಿದ್ದು ಹೀಗೆ.

ಮೂರನೆಯದೇ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಂಗತಿ. ಆ ಕಾಲದಲ್ಲಿ ಎಲ್ಲರೂ ನಂಬಿದ್ದು, ಮೀನು ಕಡಿಮೆಯಾಗುವುದು ಜನ ಹೆಚ್ಚು ಹಿಡಿಯುವುದರಿಂದ ಎಂದು. ಹಾಗಾಗಿ ಹಿಡಿಯಬೇಡಿ, ಇನ್ನಷ್ಟು ಮರಿ ಬಿಡಿ ಎಂಬುದು ವಾಡಿಕೆಯ ಸಲಹೆ. ನೀರು ಬತ್ತಿಸಿ ತೂಗಿದ ಲೆಕ್ಕ ಇದನ್ನು ತಲೆಕೆಳಗು ಮಾಡಿತು. ಒಂದು ಹೊಂಡ ಇಷ್ಟೇ ತೂಕದ ಮೀನನ್ನು ಹೊರುತ್ತದೆ. ಆ ತೂಕ ನೂರು ದೊಡ್ಡ ಮೀನಾಗಿಯೂ ಇರಬಹುದು, ಹತ್ತು ಸಾವಿರ ಪುಡಿ ಮೀನಾಗಿಯೂ ಇರಬಹುದು. ಒಂದೇ ಪಾತ್ರೆಯ ಅನ್ನವನ್ನು ನಾಲ್ವರು ಉಣ್ಣುವುದಕ್ಕೂ ನಲವತ್ತು ಜನ ಉಣ್ಣುವುದಕ್ಕೂ ಇರುವ ವ್ಯತ್ಯಾಸ. ಒಂದು ಹೆಣ್ಣು ಬ್ಲೂಗಿಲ್ ಸಾವಿರಾರು ಮೊಟ್ಟೆ ಇಡುತ್ತದೆ. ಬ್ಯಾಸ್ ಮರಿಗಳನ್ನು ತಿನ್ನುತ್ತಲೇ ಇರಬೇಕು, ಮನುಷ್ಯ ಬೆಳೆದ ಬ್ಲೂಗಿಲ್ಲನ್ನು ಹಿಡಿಯುತ್ತಲೇ ಇರಬೇಕು. ಇವೆರಡರಲ್ಲಿ ಒಂದು ನಿಂತರೂ ಹೊಂಡ ಪುಡಿ ಮೀನಿನ ಸಂತೆಯಾಗುತ್ತದೆ. ಹೊಸ ಹೊಂಡದ ರೈತರು ಮಾಡುತ್ತಿದ್ದ ತಪ್ಪು ಎಂದರೆ, ಸುಲಭವಾಗಿ ಗಾಳಕ್ಕೆ ಬೀಳುವ ಬ್ಯಾಸನ್ನೆಲ್ಲ ಮೊದಲ ತಿಂಗಳಲ್ಲೇ ಹಿಡಿದು ಮುಗಿಸಿ, ನಂತರ ಮೀನಿಲ್ಲವೆಂದು ದಡಕ್ಕೆ ಬರುವುದನ್ನೇ ಬಿಡುವುದು.

1950ರಲ್ಲಿ ಸ್ವಿಂಗಲ್ ಇದನ್ನು 'ಸಮತೋಲದ' ಮತ್ತು 'ಸಮತೋಲ ತಪ್ಪಿದ' ಹೊಂಡಗಳು ಎಂದು ವಿಂಗಡಿಸಿ, ಲೆಕ್ಕ ಸಮೇತ ಪ್ರಕಟಿಸಿದ. ವರ್ಷ ವರ್ಷವೂ ಹಿಡಿಯಲು ಯೋಗ್ಯ ಗಾತ್ರದ ಮೀನು ಕೊಡುತ್ತಾ ಹೋಗುವುದೇ ಸಮತೋಲದ ಹೊಂಡ. ಅದನ್ನು ಪರೀಕ್ಷಿಸಲು ಬೇಸಿಗೆಯಲ್ಲಿ ದಡದ ಬಳಿ ಒಂದು ಸಣ್ಣ ಎಳೆಬಲೆ ಹಾಕಿದರೆ ಸಾಕು. ಆ ವರ್ಷದ ಬ್ಲೂಗಿಲ್ ಮರಿಗಳೂ ಬ್ಯಾಸ್ ಮರಿಗಳೂ ಬಂದರೆ ಸರಿಯಾಗಿದೆ. ಮೂರು ನಾಲ್ಕು ಇಂಚಿನ ಬ್ಲೂಗಿಲ್ ಮಾತ್ರ ಕಿಕ್ಕಿರಿದು ಬಂದು ಮರಿಗಳೇ ಇಲ್ಲದಿದ್ದರೆ ಕೆಟ್ಟಿದೆ.

ಅಂದರೆ ಗಾಳ ಹಿಡಿದು ಕೂತವನು ಹೊಂಡದಿಂದ ಏನನ್ನೋ ಕದಿಯುತ್ತಿಲ್ಲ, ಹೊಂಡದ ಕೆಲಸದಲ್ಲಿ ಪಾಲುಗಾರ. ಮಗ್ಗಿಲ ಮನೆಯ ಮುದುಕಿ, ಶಾಲೆ ಮುಗಿಸಿ ಬಂದ ಹುಡುಗರು, ಭಾನುವಾರ ಬರುವ ನೆಂಟರು ಇವರೆಲ್ಲ ಬೇಕು. ಮೋಜು ಎಂದು ಬದಿಗಿಟ್ಟದ್ದು ಕಳೆ ಕೀಳುವಷ್ಟೇ ಅಗತ್ಯದ ಕೆಲಸವಾಯಿತು. 1971ರಲ್ಲಿ ಮಣ್ಣು ಸಂರಕ್ಷಣಾ ಸೇವೆ ಹೊಂಡ ಕಟ್ಟುವವರಿಗಾಗಿ ತಂದ ಕೈಪಿಡಿಯ ಹೆಸರಲ್ಲೇ ನೀರಿನ ಪೂರೈಕೆಯ ಜೊತೆ ಮನರಂಜನೆಯೂ ಸೇರಿಕೊಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಚೆಂದದ ಕಥೆ. ಆದರೆ ಯಾರ ಹೊಂಡ, ಯಾರ ದಡ ಎಂದು ಕೇಳದೆ ಹಳ್ಳಿಯ ಚರಿತ್ರೆ ಬರೆಯಲಾಗದು ಎಂದು ನಮಗೆ ಪಾಠ ಹೇಳಿದವರು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. 1930ರಲ್ಲಿ ಅಲಬಾಮದ ರೈತರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗೇಣಿದಾರರು, ಪಾಲು ಬೇಸಾಯದವರು. ಕಪ್ಪು ಜನರಲ್ಲಂತೂ ಸ್ವಂತ ಹೊಲ ಉಳ್ಳವರು ಕಡಿಮೆ. ಸಹಾಯಧನ ಹೋದದ್ದು ಜಮೀನಿನ ಒಡೆಯನಿಗೆ. ಏರಿಗೆ ಮಣ್ಣು ಹೊತ್ತವರು ಯಾರು, ದಡದಲ್ಲಿ ಕೂರಲು ಅಪ್ಪಣೆ ಬೇಡಬೇಕಾದವರು ಯಾರು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಜಗಳ ಹೊಂಡಕ್ಕಿಂತ ಹಳೆಯದು. 1860ರ ದಶಕದಲ್ಲಿ ಗುಲಾಮಗಿರಿ ರದ್ದಾದ ಮೇಲೆ, ಬಿಡುಗಡೆಯಾದವರು ಹೊಳೆ ಹಳ್ಳಗಳಲ್ಲಿ ಮೀನು ಹಿಡಿದು, ಕಾಡಿನಲ್ಲಿ ಬೇಟೆಯಾಡಿ ಹೊಟ್ಟೆ ಹೊರೆಯುವುದು ದೊಡ್ಡ ಜಮೀನ್ದಾರರಿಗೆ ಸಹಿಸದಾಯಿತು. ಮೀನು ಸಿಕ್ಕ ದಿನ ಆಳು ಹತ್ತಿ ಬಿಡಿಸಲು ಬರುವುದಿಲ್ಲ ಎಂಬುದು ಅವರ ತಕರಾರು. ಅತಿಕ್ರಮ ಪ್ರವೇಶದ ಕಾನೂನುಗಳು, ಬೇಟೆಯ ಕಾನೂನುಗಳು ಬಿಗಿಯಾದವು. ಸ್ಕಾಟ್ ಗಿಲ್ಟ್ನರ್ ಎಂಬ ಇತಿಹಾಸಕಾರ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ವಿಸ್ತಾರವಾಗಿ ಬರೆದಿದ್ದಾನೆ: ಬಿಳಿಯನ ಕೈಯ ಗಾಳ ಕ್ರೀಡೆ, ಕಪ್ಪು ಮನುಷ್ಯನ ಕೈಯ ಗಾಳ ಸೋಮಾರಿತನ. 'ಸುಮ್ನೆ' ಕೂರುವ ಹಕ್ಕು ಎಲ್ಲರಿಗೂ ಒಂದೇ ಸಮನಾಗಿ ಸಿಕ್ಕಿರಲಿಲ್ಲ.

ಆಬರ್ನಿನಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿ ಅಲಬಾಮದ ರಾಜಧಾನಿ ಮಾಂಟ್‌ಗಮರಿ. ಕಪ್ಪು ಜನರನ್ನೂ ಉದ್ಯಾನಗಳೊಳಗೆ ಬಿಡಬೇಕೆಂದು ಅಲ್ಲಿನ ನಾಗರಿಕರು ನ್ಯಾಯಾಲಯಕ್ಕೆ ಹೋದಾಗ, ನಗರಸಭೆ 1959ರ ಜನವರಿ 1ರಿಂದ ತನ್ನ ಎಲ್ಲ ಉದ್ಯಾನಗಳಿಗೂ ಬೀಗ ಹಾಕಿತು. ಈಜುಕೊಳಗಳಿಗೆ ಮಣ್ಣು ತುಂಬಿಸಿತು. ಉದ್ಯಾನಗಳು ತೆರೆದದ್ದು 1965ರಲ್ಲಿ. ಎಲ್ಲರೂ ಬರುವ ನೀರಿಗಿಂತ ಯಾರೂ ಬಾರದ ಮಣ್ಣೇ ವಾಸಿ ಎನಿಸಿದ ಊರಿನ ಸುತ್ತಮುತ್ತ, ಒಬ್ಬನ ಹೊಲದೊಳಗಿನ ಹೊಂಡ, ಬೇಲಿ ಹಾಕಬಹುದಾದ ಹೊಂಡ, ಎಷ್ಟು ಪ್ರಿಯವಾಗಿದ್ದಿರಬಹುದು! ಸ್ವಿಂಗಲ್ಲನ ಲೆಕ್ಕ ಹೆಚ್ಚು ಜನ ಬಂದು ಹಿಡಿಯಲಿ ಎನ್ನುತ್ತಿತ್ತು. ಹೊಂಡದ ಬೇಲಿ ಬೇಡ ಎನ್ನುತ್ತಿತ್ತು. ಕರೆದವರಷ್ಟೇ ಬರುವ ಹೊಂಡದಲ್ಲಿ ಮೀನು ಪುಡಿಯಾಗುತ್ತಲೇ ಹೋಯಿತು ಎಂದರೆ ಸ್ವಲ್ಪ ಅತಿಯಾದೀತು, ಆದರೆ ಸಾಕಷ್ಟು ಹಿಡಿಯದ ಹೊಂಡ ಕೆಡುತ್ತದೆ ಎಂಬುದು ಆ ಲೆಕ್ಕದಲ್ಲೇ ಇತ್ತು.

ಇನ್ನೊಂದು ಹೆದರಿಕೆಯೂ ಇತ್ತು. ಹೊರಗಿನವರು ಬಂದು ಮುಳುಗಿದರೆ ಒಡೆಯ ಪರಿಹಾರ ಕೊಡಬೇಕೇ? 1965ರಲ್ಲಿ ಅಲ್ಲಿನ ರಾಜ್ಯ ಸರ್ಕಾರಗಳ ಮಂಡಳಿ ಮಾದರಿ ಕಾನೂನೊಂದನ್ನು ಸೂಚಿಸಿತು: ದುಡ್ಡು ಪಡೆಯದೆ ಜನರನ್ನು ಮನರಂಜನೆಗೆ ಬಿಟ್ಟ ಒಡೆಯನ ಹೊಣೆಯನ್ನು ಕಡಿಮೆ ಮಾಡಬೇಕು. ಹಲವು ರಾಜ್ಯಗಳು ಅಂಥ ಕಾನೂನು ಮಾಡಿದವು. 1982ರ ಹೊಂಡದ ಕೈಪಿಡಿಯಲ್ಲಿ ಅಪಾಯದ ಜಾಗಕ್ಕೆ ಫಲಕ ಹಾಕಿ, ತೇಲುಬಳೆ, ಹಗ್ಗ, ಹಲಗೆ, ಉದ್ದನೆಯ ಕೋಲು ಇವನ್ನು ನೀರಿನ ಬಳಿಯೇ ಇಡಿ ಎಂದು ಬರೆಯಲಾಗಿದೆ. ಹೊಂಡದ ಬಳಿಗೆ ಮನುಷ್ಯರು ಬಂದೇ ಬರುತ್ತಾರೆ ಎಂದು ಒಪ್ಪಿಕೊಂಡವರು ಬರೆದ ಸಾಲು ಅದು.

ಆಬರ್ನಿಗೂ ನಮಗೂ ನೇರವಾದ ನಂಟೊಂದಿದೆ. ಹೀರಾಲಾಲ್ ಚೌಧುರಿ ಎಂಬ ಬಂಗಾಳದ ಮೀನು ವಿಜ್ಞಾನಿ ಅಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಂದವರು. ಅಮೆರಿಕದ ಹೊಂಡದ ಸಮಸ್ಯೆ ಮೀನು ಹೆಚ್ಚು ಮರಿ ಹಾಕುವುದು. ನಮ್ಮ ಕಾಟ್ಲಾ, ರೋಹು, ಮೃಗಾಲ್‌ಗಳದ್ದು ತದ್ವಿರುದ್ಧ: ಅವು ಹರಿವ ಹೊಳೆಯ ಮಳೆಗಾಲದ ಪ್ರವಾಹದಲ್ಲಿ ಮೊಟ್ಟೆ ಇಡುವ ಮೀನುಗಳು, ನಿಂತ ನೀರಿನಲ್ಲಿ ಎಷ್ಟು ಕೊಬ್ಬಿದರೂ ಮರಿ ಹಾಕವು. ಹೊಳೆಯಿಂದ ಸೋಸಿ ತಂದ ಮರಿಯೇ ಗತಿಯಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಗೆಂಡೆ ಜಾತಿಯ ಮೀನಿಗೆ ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದರು. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಾದದ್ದು ಆ ಕಾರಣಕ್ಕೆ. ಮಾವ ತಂದು ಬಿಟ್ಟ ಕಾಟ್ಲಾ ಮರಿಗಳ ವಂಶಾವಳಿ ಹುಡುಕಿದರೆ ಅಂಗುಲ್‌ನ ಆ ದಿನಕ್ಕೆ ಹೋಗಿ ಮುಟ್ಟುತ್ತದೆ.

ಬ್ಲೂಗಿಲ್ಲಿನಂಥ ತಂಟೆಯೂ ನಮ್ಮಲ್ಲಿದೆ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ನಮ್ಮ ಕಡೆ ಜಿಲೇಬಿ ಮೀನು ಎನ್ನುವುದು, ಒಮ್ಮೆ ಹೊಂಡ ಸೇರಿದರೆ ಮರಿ ಮೇಲೆ ಮರಿ ಹಾಕಿ ಕಡೆಗೆ ಎಲ್ಲವೂ ಬೆರಳುದ್ದವೇ. ಸ್ವಿಂಗಲ್ ಕೂಡ ತಿಲಾಪಿಯವನ್ನು ಅಲಬಾಮದ ಹೊಂಡಗಳಲ್ಲಿ ಹಾಕಿ ನೋಡಿದ್ದ. ಮಾವನ ಹೊಂಡಕ್ಕೂ ಅದು ಬಂದಿದೆ. ಯಾರು ತಂದರೋ ಗೊತ್ತಿಲ್ಲ, ಹುಡುಗರ ಕೆಲಸ ಎಂದು ಮಾವ ಹೇಳುತ್ತಾರೆ.

ನಮ್ಮ ರಾಜ್ಯದಲ್ಲಿ ಹೊಲಕ್ಕೊಂದು ಹೊಂಡ ಎಂಬ ಮಾತಿಗೆ ಬಲ ಬಂದದ್ದು 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ. ಅಮೆರಿಕದ ಹೊಂಡವನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ನೋಡಿದರೆ ಅಳತೆಯೇ ಬೇರೆ. ಅಲ್ಲಿ ಅರ್ಧ ಎಕರೆಯಿಂದ ಮೇಲೆ, ಹುಲ್ಲು ಬೆಳೆದ ಏರಿ. ಇಲ್ಲಿ ದೊಡ್ಡದೆಂದರೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ, ಅಂದರೆ ನಾಲ್ಕೂವರೆ ಗುಂಟೆಗೂ ಕಡಿಮೆ. ನಾಲ್ಕು ಕಡೆಯೂ ಕಡಿದಾದ ಇಳಿಜಾರು, ಮೇಲೆ ಪ್ಲಾಸ್ಟಿಕ್. ಇಷ್ಟು ಪುಟ್ಟ ನೀರಿನಲ್ಲಿ ಸ್ವಿಂಗಲ್ಲನ ಜೋಡಿ ಮೀನಿನ ಲೆಕ್ಕ ನಿಲ್ಲುವುದು ಕಷ್ಟ. ನೀರನ್ನು ಉಳಿಸಲೆಂದೇ ಆದ ರಚನೆ ಇದು, ದಡ ಎಂಬುದೇ ಇಲ್ಲ. ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟರೆ ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ.

ನಾವು ಓದು ಮುಗಿಸಿ ಪತ್ರಿಕೆಯೊಂದರಲ್ಲಿ ತರಬೇತಿಗೆ ಸೇರಿದಾಗ ನಮ್ಮ ಕೈಗೆ ಬರುತ್ತಿದ್ದದ್ದು ಜಿಲ್ಲಾ ಪುಟದ ಚುಟುಕು ಸುದ್ದಿಗಳು. 'ಕೃಷಿ ಹೊಂಡಕ್ಕೆ ಬಿದ್ದು ಬಾಲಕ ಸಾವು.' ಮೂರು ಸಾಲು, ಹೆಸರು, ವಯಸ್ಸು, ಠಾಣೆ. ಒಂದು ದಿನ ಇಬ್ಬರು ಅಣ್ಣತಮ್ಮಂದಿರ ಸುದ್ದಿ ಬಂತು. ಮೀನು ನೋಡಲು ಹೋಗಿದ್ದರು ಎಂದು ವರದಿಗಾರರು ಕಳಿಸಿದ ಪ್ರತಿಯಲ್ಲಿತ್ತು. ಜಾಗ ಸಾಲದೆಂದು ಆ ವಾಕ್ಯವನ್ನು ತೆಗೆಯಲು ಮೇಲಿನವರು ಹೇಳಿದರು, ನಾವು ತೆಗೆದೆವು. ಈಗ ಅನ್ನಿಸುತ್ತದೆ, ಆ ಸುದ್ದಿಯಲ್ಲಿ ಉಳಿಸಬೇಕಿದ್ದದ್ದು ಅದೊಂದೇ ವಾಕ್ಯ. ಹೊಂಡ ತೋಡಿದಾಗ ಅದರಲ್ಲಿ ಮೀನಿರುತ್ತದೆ, ಮೀನು ನೋಡಲು ಮಕ್ಕಳು ಬರುತ್ತಾರೆ, ಗಾಳ ಹಾಕಲು ದೊಡ್ಡವರು ಬರುತ್ತಾರೆ ಎಂದು ಯಾರಾದರೂ ಮೊದಲೇ ಎಣಿಸಿದ್ದರೆ, ನಕ್ಷೆಯಲ್ಲಿ ನಾಲ್ಕು ಮೆಟ್ಟಿಲಿಗೆ ಜಾಗ ಇರುತ್ತಿತ್ತು. ಈಗಿನ ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಯೂ ಸೇರಿದೆ. ಒಳ್ಳೆಯದೇ. ಆದರೆ ಬೇಲಿಗೆ ತೂತು ಮಾಡುವುದು ಮಕ್ಕಳಿಗೆ ಎಷ್ಟು ಹೊತ್ತಿನ ಕೆಲಸ ಎಂದು ಹಳ್ಳಿಯಲ್ಲಿ ಬೆಳೆದ ನಮಗೆ ಗೊತ್ತು.

ಮೊನ್ನೆ ಮತ್ತೆ ಆ ಊರಿಗೆ ಹೋಗಿದ್ದೆವು. ಅಮೆರಿಕದ ಕಥೆಯನ್ನೆಲ್ಲ ಮಾವನಿಗೆ ಹೇಳಿದೆವು. ತೋಳು ಮುಳುಗಿಸಿ ನೋಡುವ ಪರೀಕ್ಷೆ ಅವರಿಗೆ ಬಹಳ ಹಿಡಿಸಿತು. ಜಿಲೇಬಿ ಮೀನಿನ ಮಾತು ಬಂದಾಗ, "ಹಂಗಾದ್ರೆ ಹುಡುಗರನ್ನ ಓಡಿಸ್ಬಾರದು ಅನ್ನು. ಅವರೇ ಹಿಡ್ಕೊಂಡು ಹೋಗ್ಲಿ," ಎಂದರು.

"ಬಿದ್ರೆ ಏನ್ ಮಾಡ್ತೀರಾ ಮಾವ?"

ಅವರು ಎದ್ದು ಪಂಪ್ ಮನೆಯ ಹಿಂದಿನಿಂದ ಲಾರಿಯ ಹಳೆಯ ಟ್ಯೂಬು, ಭಾವಿಯ ಹಗ್ಗ ತಂದರು. ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಂದ ನೀರಿಗೆ ಇಳಿಬಿಡಲು ಗೆಳೆಯನಿಗೆ ಹೇಳಿದರು. ಟ್ಯೂಬಿಗೆ ಗಾಳಿ ತುಂಬಿಸಿಕೊಂಡು ಬರಲು ನಾವಿಬ್ಬರು ಬೈಕಿನಲ್ಲಿ ಕ್ರಾಸಿನ ಪಂಕ್ಚರ್ ಅಂಗಡಿಗೆ ಹೋದೆವು. ತಿರುಗಿ ಬರುವಷ್ಟರಲ್ಲಿ ಮೂರು ಜನ ಹುಡುಗರು ದಡದಲ್ಲಿದ್ದರು, ಒಬ್ಬನ ಕೈಯಲ್ಲಿ ಎರೆಹುಳು ತುಂಬಿದ ತೆಂಗಿನ ಚಿಪ್ಪು.